ವಿಶ್ರಾಮಬಾಗದ ನೆರೆಯ ಪಾಠಶಾಲೆ: ವಿಕಲಚೇತನರ ಸೇವೆಯನ್ನು ವಿದ್ಯಾರ್ಥಿಗಳು ಕಲಿತ ಕಥೆ



ಬೆಳಗಾವಿಯಿಂದ ರೈಲು ಹತ್ತಿ ಘಟಪ್ರಭಾ, ರಾಯಬಾಗ, ಕುಡಚಿ, ಶೇಡಬಾಳ ದಾಟಿದರೆ ಮಿರಜ ಜಂಕ್ಷನ್. ಅಲ್ಲಿಂದ ಸಾಂಗ್ಲಿಗೆ ಹೋಗುವಾಗ ನಡುವೆ ಸಿಗುವ ಸಣ್ಣ ನಿಲ್ದಾಣವೇ ವಿಶ್ರಾಮಬಾಗ. ಹೆಸರು ವಿಶ್ರಾಂತಿಯದಾದರೂ ಇದು ವಿದ್ಯಾರ್ಥಿಗಳ ಊರು. ಇಲ್ಲಿನ ವಿಲಿಂಗ್ಡನ್ ಕಾಲೇಜು ಆರಂಭವಾದದ್ದು 1919ರಲ್ಲಿ. ಇಂದು ವಾಲಚಂದ್ ಎಂಬ ಹೆಸರಿನ ಇಂಜಿನಿಯರಿಂಗ್ ಕಾಲೇಜು 1947ರಲ್ಲಿ. ನೆರೆಯಲ್ಲೇ ವಾನ್ಲೆಸ್‌ವಾಡಿ. ಕ್ಷಯರೋಗಿಗಳ ಆರೋಗ್ಯಧಾಮದಿಂದ ಬೆಳೆದ ಆ ಜಾಗಕ್ಕೆ ಒಬ್ಬ ವೈದ್ಯರ ಹೆಸರಿದೆ.

ನಮ್ಮಲ್ಲಿ ಹಲವರು ನರ್ಸಿಂಗ್, ಫಿಸಿಯೋಥೆರಪಿ, ಸಮಾಜಕಾರ್ಯ ಓದುತ್ತಿದ್ದೇವೆ. ವಿಶೇಷ ಶಾಲೆಯಲ್ಲೋ ವಿಕಲಚೇತನರ ವಸತಿಗೃಹದಲ್ಲೋ ಕೆಲವು ವಾರ ಕೆಲಸ ಮಾಡಿ ಪ್ರಮಾಣಪತ್ರ ತರಬೇಕಾಗುತ್ತದೆ. ಹಾಗೆ ಹೋದವರು ಅಲ್ಲಿರುವವರಿಗೆ ನಿಜಕ್ಕೂ ಉಪಯೋಗವಾಗುತ್ತಾರೆಯೇ, ಅಥವಾ ಅವರನ್ನು ತಮ್ಮ ಓದಿಗೆ ಉಪಯೋಗಿಸಿಕೊಂಡು ಬರುತ್ತಾರೆಯೇ? ಈ ಪ್ರಶ್ನೆ ಹೊಸದಲ್ಲ. ಉತ್ತರ ಹುಡುಕಲು ಮಿರಜದ ಇತಿಹಾಸ ನಮಗೆ ನೆರವಾಗುತ್ತದೆ.

ಹಾಸಿಗೆಯ ಪಕ್ಕದ ಪಾಠ

ವಿಲಿಯಂ ಜೇಮ್ಸ್ ವಾನ್ಲೆಸ್ ಕೆನಡಾದಲ್ಲಿ ಹುಟ್ಟಿದವರು. 1889ರಲ್ಲಿ ನ್ಯೂಯಾರ್ಕಿನಲ್ಲಿ ವೈದ್ಯ ಪದವಿ ಪಡೆದು, ಅದೇ ವರ್ಷ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯರಾಗಿ ಭಾರತಕ್ಕೆ ಬಂದರು. ಮೊದಲು ಸಾಂಗ್ಲಿಯಲ್ಲಿ ಸಣ್ಣ ಔಷಧಾಲಯ ನಡೆಸಿದರು. 1894ರಲ್ಲಿ ಮಿರಜದಲ್ಲಿ ಅವರ ಆಸ್ಪತ್ರೆ ಬಾಗಿಲು ತೆರೆಯಿತು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಅವರು ಹೆಸರುವಾಸಿಯಾದರು. ಪೊರೆ ತೆಗೆದರೆ, ಇನ್ನೊಬ್ಬರ ಕೈ ಹಿಡಿದು ಬಂದವರು ತಾವೇ ದಾರಿ ನೋಡಿಕೊಂಡು ಮನೆಗೆ ಮರಳಬಹುದಿತ್ತು.

ಒಬ್ಬ ವೈದ್ಯನ ಎರಡು ಕೈ ಎಷ್ಟು ಜನರನ್ನು ಮುಟ್ಟೀತು? 1897ರಲ್ಲಿ ವಾನ್ಲೆಸ್ ಅಲ್ಲಿಯೇ ವೈದ್ಯಕೀಯ ಶಾಲೆ ಆರಂಭಿಸಿದರು. ಆಸ್ಪತ್ರೆಯೂ ತರಗತಿಯೂ ಒಂದೇ ಕಡೆ ಇದ್ದುದರಿಂದ ರೋಗಿಯ ಹಾಸಿಗೆಯ ಪಕ್ಕವೇ ಪಾಠದ ಜಾಗವಾಯಿತು. ಈ ಪದ್ಧತಿ ಮುಂದೆಯೂ ಉಳಿಯಿತು. 1962ರಲ್ಲಿ ಮಿರಜದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದಾಗಲೂ ವಿದ್ಯಾರ್ಥಿಗಳ ಕಲಿಕೆಗೆ ಇದೇ ಮಿಷನ್ ಆಸ್ಪತ್ರೆಯ ವಾರ್ಡುಗಳು ನೆರವಾದವು. ಸುಮಾರು ನಾಲ್ಕು ದಶಕ ದುಡಿದ ವಾನ್ಲೆಸ್ ಅವರಿಗೆ 1928ರಲ್ಲಿ ಸರ್ ಪದವಿ ಬಂತು. 1933ರಲ್ಲಿ ಅವರು ತೀರಿಕೊಂಡರು.

ನೋವೇ ಇಲ್ಲದ ಪಾದ

ಕುಷ್ಠರೋಗಿಗಳಿಗಾಗಿಯೂ ಮಿರಜದಲ್ಲಿ ಆಶ್ರಮ ಆರಂಭವಾಯಿತು. ಆ ಕಾಲದ ಭಯ ಎಷ್ಟಿತ್ತೆಂದರೆ, 1898ರ ಕುಷ್ಠರೋಗಿಗಳ ಕಾಯ್ದೆಯ ಪ್ರಕಾರ ಬೇಡಿ ತಿನ್ನುವ ಬಡ ಕುಷ್ಠರೋಗಿಯನ್ನು ಪೊಲೀಸರು ವಾರಂಟ್ ಇಲ್ಲದೆ ಹಿಡಿದು ಆಶ್ರಮಕ್ಕೆ ಸೇರಿಸಬಹುದಿತ್ತು. ಕೇಂದ್ರ ಸರಕಾರ ಈ ಕಾಯ್ದೆಯನ್ನು ರದ್ದು ಮಾಡಿದ್ದು 2016ರಲ್ಲಿ. ಆಶ್ರಮ ಹಲವರಿಗೆ ಆಸರೆಯಾಗಿತ್ತು ನಿಜ. ಆದರೆ ಕಾನೂನಿನ ಕಣ್ಣಿನಲ್ಲಿ ಅದು ಬಂಧನವೂ ಆಗಿತ್ತು. ಸೇವೆಯ ಇತಿಹಾಸ ಓದುವಾಗ ಈ ಎರಡನ್ನೂ ನಾವು ಮರೆಯಬಾರದು.

ಕುಷ್ಠರೋಗ ಬೆರಳುಗಳನ್ನು ಕೊಳೆಸಿ ಉದುರಿಸುತ್ತದೆ ಎಂದು ಬಹುಕಾಲ ಜನ ನಂಬಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1940ರ ದಶಕದಿಂದ ದುಡಿದ ಡಾ. ಪಾಲ್ ಬ್ರಾಂಡ್ ಬೇರೆಯೇ ಸತ್ಯ ಕಂಡರು. ರೋಗಾಣು ನರಗಳನ್ನು ಕೆಡಿಸುತ್ತದೆ, ನೋವು ತಿಳಿಯುವುದಿಲ್ಲ, ಬಿಸಿ ಪಾತ್ರೆ ಸುಟ್ಟರೂ ಮುಳ್ಳು ಚುಚ್ಚಿದರೂ ಗೊತ್ತಾಗದೆ ಗಾಯ ಬೆಳೆಯುತ್ತದೆ. ರಾತ್ರಿ ಮಲಗಿದವರ ಬೆರಳು ಬೆಳಗಾಗುವಷ್ಟರಲ್ಲಿ ಮಾಯವಾಗುವುದೇಕೆ ಎಂದು ಕಾದು ನೋಡಿದಾಗ, ಇಲಿಗಳು ಕಡಿಯುತ್ತಿದ್ದುದು ತಿಳಿಯಿತು. ಪರಿಹಾರ ಬೆಕ್ಕು ಸಾಕುವುದಾಗಿತ್ತು!

ಈ ತಿಳಿವಳಿಕೆ ಆರೈಕೆಯ ಅರ್ಥವನ್ನೇ ಬದಲಿಸಿತು. ಪ್ರತಿದಿನ ಪಾದವನ್ನು ನೀರಿನಲ್ಲಿ ನೆನೆಸುವುದು, ಗಡಸು ಚರ್ಮ ಉಜ್ಜಿ ತೆಗೆಯುವುದು, ಎಣ್ಣೆ ಹಚ್ಚುವುದು, ಕಣ್ಣಿನಿಂದ ಗಾಯ ಹುಡುಕುವುದು, ಮೆತ್ತನೆಯ ರಬ್ಬರಿನ ಚಪ್ಪಲಿ ಹಾಕುವುದು. ಇದನ್ನು ಒಬ್ಬ ವಿದ್ಯಾರ್ಥಿ ಒಂದು ದಿನ ಬಂದು ಮಾಡಿ ಹೋದರೆ ಸಾಲದು. ರೋಗಿ ತಾನೇ ದಿನವೂ ಮಾಡಿಕೊಳ್ಳುವಂತಾಗಬೇಕು. ಆದ್ದರಿಂದ ಅಲ್ಲಿ ವಿದ್ಯಾರ್ಥಿಯ ನಿಜವಾದ ಕೆಲಸ ಕಾಲು ತೊಳೆಯುವುದಷ್ಟೇ ಅಲ್ಲ. ತಾನಿಲ್ಲದೆಯೂ ಕೆಲಸ ಸಾಗುವಂತೆ ಮಾಡುವುದು.

ಗಾಲಿಕುರ್ಚಿಯ ಮೇಲಿನ ವೈದ್ಯೆ

ಅದೇ ವೆಲ್ಲೂರಿನ ಯುವ ವೈದ್ಯೆ ಮೇರಿ ವರ್ಗೀಸ್ 1954ರಲ್ಲಿ ವಾಹನ ಅಪಘಾತಕ್ಕೆ ಸಿಕ್ಕಿ, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದಲ್ಲ! ಗಾಲಿಕುರ್ಚಿಯಲ್ಲಿ ಕುಳಿತು ಅವರು ಕುಷ್ಠರೋಗಿಗಳ ಮಡಚಿದ ಬೆರಳುಗಳಿಗೆ ಶಸ್ತ್ರಚಿಕಿತ್ಸೆ ಮಾಡತೊಡಗಿದರು. ಬಳಿಕ ನ್ಯೂಯಾರ್ಕಿನಲ್ಲಿ ಪುನರ್ವಸತಿ ವೈದ್ಯಶಾಸ್ತ್ರ ಕಲಿತು ಬಂದು ವೆಲ್ಲೂರಿನಲ್ಲಿ ಆ ವಿಭಾಗದ ಮುಖ್ಯಸ್ಥೆಯಾದರು. 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಸೇವೆ ಪಡೆಯುವವರು ಒಂದು ಕಡೆ, ಸೇವೆ ಮಾಡುವವರು ಇನ್ನೊಂದು ಕಡೆ ಎಂಬ ಗೆರೆಯನ್ನು ಅವರ ಬದುಕೇ ಅಳಿಸಿಹಾಕಿತು.

ದಾನದಿಂದ ಹಕ್ಕಿಗೆ

ಆಸ್ಪತ್ರೆಯ ಹೊರಗೂ ಇಂಥ ಕಲಿಕೆ ಬೆಳೆಯಿತು. ಅಮೆರಿಕದ ಮಿಷನರಿ ಕ್ಲಿಫರ್ಡ್ ಮಾನ್ಶಾರ್ಟ್ 1936ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಸಮಾಜಕಾರ್ಯ ಶಾಲೆ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ನಮ್ಮ ಮಂಗಳೂರಿನಲ್ಲಿ 1960ರಲ್ಲಿ ಧರ್ಮಭಗಿನಿಯರು ರೋಶನಿ ನಿಲಯ ತೆರೆದರು. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. ಸೇವೆ ಓದಿನ ಭಾಗವಾಯಿತು. ಅದರ ಜೊತೆಗೇ ಗಂಟೆಗಳ ಲೆಕ್ಕ, ವರದಿ, ಫೋಟೋಗಳೂ ಬಂದವು.

ಕಾನೂನೂ ಬದಲಾಯಿತು. 1995ರ ಕಾಯ್ದೆ 7 ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಕುಷ್ಠರೋಗದಿಂದ ಗುಣವಾದವರು ಎರಡರಲ್ಲೂ ಇದ್ದಾರೆ. ಒಂದು ಕಾಲದಲ್ಲಿ ಪೊಲೀಸರು ಹಿಡಿದು ತರಬಹುದಾಗಿದ್ದ ವ್ಯಕ್ತಿ ಇಂದು ಹಕ್ಕುಳ್ಳ ನಾಗರಿಕ. ಅವರಿರುವಲ್ಲಿಗೆ ನಾವು ಕಲಿಯಲು ಹೋದರೆ, ನಾವು ಅವರ ಮನೆಗೆ ಬಂದ ಅತಿಥಿಗಳು.

ನಾವೇನು ಮಾಡೋಣ?

ಕೇಳಿಯೇ ಕೈ ಹಾಕೋಣ. ಗಾಲಿಕುರ್ಚಿಯನ್ನು ಕೇಳದೆ ತಳ್ಳುವುದು ಬೇಡ. ಅದು ಕುಳಿತವರ ದೇಹದ ಭಾಗವಿದ್ದಂತೆ. ದೃಷ್ಟಿ ಇಲ್ಲದವರ ತೋಳು ಹಿಡಿದು ಎಳೆಯುವ ಬದಲು ನಮ್ಮ ತೋಳನ್ನು ಅವರು ಹಿಡಿಯಲಿ. ಹೊರಡುವಾಗ ಹೇಳಿ ಹೊರಡೋಣ. ಕಿವಿ ಕೇಳದವರೊಡನೆ ಮಾತಾಡುವಾಗ ಅವರ ಮುಖ ನೋಡೋಣ, ಜೊತೆಗಿರುವವರ ಮುಖವನ್ನಲ್ಲ. ಒಪ್ಪಿಗೆಯಿಲ್ಲದೆ ಫೋಟೋ ಬೇಡ. ಎಷ್ಟು ವಾರ ಇರುತ್ತೇವೆಂದು ಮೊದಲ ದಿನವೇ ತಿಳಿಸೋಣ. ಇಲ್ಲವಾದರೆ ಹಚ್ಚಿಕೊಂಡ ಮಕ್ಕಳು ನಾವು ಬಿಟ್ಟುಹೋದ ಮೇಲೆ ಬಾಗಿಲು ನೋಡುತ್ತಾ ಕೂರುತ್ತಾರೆ.

ಜೆರಿಕೋ ಊರಿನ ಕುರುಡ ಬಾರ್ತಿಮಾಯ ದಾರಿಬದಿಯಲ್ಲಿ ಕೂಗಿದಾಗ ಯೇಸುಸ್ವಾಮಿಗೆ ಅವನ ಕೊರತೆ ಕಾಣದೆ ಇರಲಿಲ್ಲ. ಆದರೂ ನಿನಗೆ ಏನು ಬೇಕು ಎಂದು ಮೊದಲು ಅವನನ್ನೇ ಕೇಳಿದರು. ಯಾವ ಸಂಸ್ಥೆಗೆ ಹೋದರೂ ನಮ್ಮ ಮೊದಲ ದಿನ ಆ ಪ್ರಶ್ನೆಯಿಂದಲೇ ಶುರುವಾಗಲಿ.