ಟ್ರಾನ್ಸಿಸ್ಟರ್ ರೇಡಿಯೋ ಮತ್ತು ಹೊರನಾಡ ಕನ್ನಡಿಗರು

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರ ಚರಿತ್ರೆಯನ್ನು ಬರೆಯುವಾಗ ನಾವು ಸಂಘಗಳ ಸ್ಥಾಪನೆ, ರಾತ್ರಿ ಶಾಲೆಗಳ ಆರಂಭ, ನಾಟಕ ಸಮ್ಮೇಳನಗಳ ವೃತ್ತಾಂತ ಇವುಗಳನ್ನೇ ಮುಖ್ಯವಾಗಿ ಬರೆಯುತ್ತೇವೆ. ಅದು ಯೋಗ್ಯವೇ ಸರಿ. ಆದರೆ ಸಭೆಗೆ ಬರಲು ಬಿಡುವಿಲ್ಲದವನಿಗೂ, ಪುಸ್ತಕ ಓದಲು ಅಕ್ಷರ ಬಾರದವನಿಗೂ ದಿನದಿನವೂ ಕನ್ನಡವನ್ನು ಮುಟ್ಟಿಸಿದ ವಸ್ತುವೊಂದುಂಟು. ಅದು ಟ್ರಾನ್ಸಿಸ್ಟರ್ ರೇಡಿಯೋ. ಅದರ ಉಪಕಾರವನ್ನು ಈ ರಾಜ್ಯೋತ್ಸವದ ಸಂದರ್ಭದಲ್ಲಿ ನೆನೆಯುವುದು ಉಚಿತ.

ಬಾನುಲಿಗೂ ಕನ್ನಡಕ್ಕೂ ಇರುವ ನಂಟು ಹಳೆಯದು. ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಕೇಂದ್ರವು ೧೯೨೭ರ ಜುಲೈ ೨೩ರಂದು ಆರಂಭವಾಯಿತು. ಅದಾದ ಎಂಟು ವರ್ಷಗಳಿಗೆ, ೧೯೩೫ರಲ್ಲಿ, ಮೈಸೂರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ॥ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ 'ವಿಠ್ಠಲ ವಿಹಾರ'ದಲ್ಲಿಯೇ ೩೦ ವ್ಯಾಟಿನ ಒಂದು ಪುಟ್ಟ ಯಂತ್ರವನ್ನಿಟ್ಟು ಪ್ರಸಾರವನ್ನು ಪ್ರಾರಂಭಿಸಿದರು. ಅದರ ಶಕ್ತಿ ಬಹಳ ಅಲ್ಪ. ಆದರೂ 'ಆಕಾಶವಾಣಿ' ಎಂಬ ಹೆಸರನ್ನು ಹೊತ್ತದ್ದು ಆ ನಿಲಯವೇ. ಮುಂದೆ ಇಡೀ ಭಾರತದ ರೇಡಿಯೋ ಆ ಹೆಸರನ್ನು ತನ್ನದಾಗಿಸಿಕೊಂಡಿತು. ೧೯೫೦ರ ಜನವರಿ ೮ರಂದು ಧಾರವಾಡದ ನಿಲಯವೂ, ೧೯೫೫ರ ನವೆಂಬರಿನಲ್ಲಿ ಬೆಂಗಳೂರಿನ ನಿಲಯವೂ ಆರಂಭವಾದವು. ಕರ್ನಾಟಕದ ಏಕೀಕರಣವಾದದ್ದು ೧೯೫೬ರ ನವೆಂಬರ್ ೧ರಂದು. ಅಂದರೆ, ನಕ್ಷೆಯ ಮೇಲೆ ಕನ್ನಡನಾಡು ಒಂದಾಗುವುದಕ್ಕೆ ಮೊದಲೇ ಮುಂಬಯಿ ಪ್ರಾಂತದ ಕನ್ನಡಿಗನೂ ಮೈಸೂರಿನವನೂ ಒಂದೇ ದನಿಗೆ ಕಿವಿಗೊಡುವುದು ಸಾಧ್ಯವಾಗಿತ್ತು.

ಆದರೆ ಆ ದನಿಯನ್ನು ಹಿಡಿಯಬಲ್ಲ ಪೆಟ್ಟಿಗೆ ಬಡವನ ಮನೆಯ ವಸ್ತುವಾಗಿರಲಿಲ್ಲ. ಅಂದಿನ ವಾಲ್ವ್ ರೇಡಿಯೋ ಮೇಜಿನ ಅಗಲವನ್ನೆಲ್ಲ ಆಕ್ರಮಿಸುತ್ತಿತ್ತು. ಅದಕ್ಕೆ ವಿದ್ಯುತ್ತು ಬೇಕು, ಗೋಡೆಯಿಂದ ಗೋಡೆಗೆ ಕಟ್ಟಿದ ಏರಿಯಲ್ ಬೇಕು, ಗುಂಡಿ ತಿರುಗಿಸಿದ ಮೇಲೆ ವಾಲ್ವು ಕಾಯುವವರೆಗೆ ತಾಳ್ಮೆಯೂ ಬೇಕು. ಜೊತೆಗೆ ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸಿನ ಹಣ ಕಟ್ಟಬೇಕು. ಆ ಲೈಸೆನ್ಸು ತೊಲಗಿದ್ದು ೧೯೮೦ರ ದಶಕದಲ್ಲಿ.

ನಮ್ಮ ಕುರ್ಲಾವನ್ನೇ ನೋಡೋಣ. ಇದು ದುಡಿಯುವವರ ಊರು. ೧೮೮೬ರಲ್ಲಿ ಜಮ್ಶೇಟ್‌ಜಿ ಟಾಟಾ ಅವರು ಕೊಂಡುಕೊಂಡ ಸ್ವದೇಶಿ ಗಿರಣಿ ಇದ್ದುದು ಇಲ್ಲಿ; ಪ್ರೀಮಿಯರ್ ಮೋಟಾರು ಕಾರ್ಖಾನೆ ಇದ್ದುದೂ ಇಲ್ಲಿಯೇ. ಭಾರತದ ಮೊದಲನೆಯ ವಿದ್ಯುತ್ ರೈಲು ೧೯೨೫ರ ಫೆಬ್ರವರಿ ೩ರಂದು ಬೋರಿಬಂದರಿನಿಂದ ಹೊರಟು ಬಂದದ್ದೂ ಕುರ್ಲಾಕ್ಕೆ. ಹೊಟೇಲಿನ ಕೆಲಸಕ್ಕೆ ಬಂದ ದಕ್ಷಿಣ ಕನ್ನಡದ ಹುಡುಗನಾಗಲಿ, ಕೂಲಿಗೆ ಬಂದ ಬಿಜಾಪುರ-ಕಲಬುರ್ಗಿ ಕಡೆಯವನಾಗಲಿ, ಚಾಳಿನ ಒಂದೇ ಕೋಣೆಯಲ್ಲಿ ಆರೆಂಟು ಮಂದಿಯ ನಡುವೆ ಹಾಸಿಗೆ ಹಾಸಬೇಕಾದವನು. ವಾಲ್ವ್ ರೇಡಿಯೋವನ್ನು ಅವನು ಇಡುವುದಾದರೂ ಎಲ್ಲಿ?

ಈ ಕಷ್ಟವನ್ನು ಪರಿಹರಿಸಿದ್ದು ಒಂದು ಸಣ್ಣ ಹರಳು. ೧೯೪೭ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾರ್ಡೀನ್ ಮತ್ತು ಬ್ರಾಟೈನ್ ಎಂಬ ವಿಜ್ಞಾನಿಗಳು ಜರ್ಮೇನಿಯಮ್ಮಿನಿಂದ ಮೊದಲ ಟ್ರಾನ್ಸಿಸ್ಟರನ್ನು ಮಾಡಿ ತೋರಿಸಿದರು. ಇವರಿಗೂ, ಇವರ ಸಂಗಡಿಗ ಶಾಕ್ಲಿಯವರಿಗೂ ೧೯೫೬ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ೧೯೫೪ರಲ್ಲಿ ಅಮೆರಿಕದಲ್ಲಿಯೂ ೧೯೫೫ರಲ್ಲಿ ಜಪಾನಿನಲ್ಲಿಯೂ ಕೈಯಲ್ಲಿ ಹಿಡಿಯುವ ರೇಡಿಯೋಗಳು ಮಾರಾಟಕ್ಕೆ ಬಂದವು. ೧೯೫೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ೧೯೬೨ರ ಸುಮಾರಿಗೆ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ತಯಾರಿಸತೊಡಗಿತು. ಮರ್ಫಿ, ಬುಷ್, ಫಿಲಿಪ್ಸ್, ನೆಲ್ಕೊ ಹೆಸರಿನ ಪೆಟ್ಟಿಗೆಗಳು ಮನೆಮನೆಯ ಮಾತಾದವು. ನಾಲ್ಕಾರು ಸೆಲ್ಲು ಹಾಕಿದರೆ ಸಾಕು. ತಂತಿ ಬೇಡ, ಏರಿಯಲ್ ಬೇಡ, ಮೇಜೂ ಬೇಡ. ಗೋಡೆಯ ಮೊಳೆಗೆ ತೂಗಿಸಿದರೂ ಅದು ಹಾಡಿತು.

ಕುರ್ಲಾದಿಂದ ಧಾರವಾಡಕ್ಕೆ ನೇರ ಗೆರೆ ಎಳೆದರೆ ಸುಮಾರು ೪೬೦ ಕಿಲೋಮೀಟರು. ಹಗಲಿನಲ್ಲಿ ಅಷ್ಟು ದೂರದ ಮಧ್ಯತರಂಗ ಇಲ್ಲಿಗೆ ಸರಿಯಾಗಿ ಮುಟ್ಟದು. ಬಿಸಿಲಿರುವಾಗ ವಾಯುಮಂಡಲದ ಮೇಲಣ ಒಂದು ಪದರವು ಆ ಅಲೆಗಳನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರವು ಕರಗಿ, ಅದಕ್ಕೂ ಮೇಲಿನ ಪದರಕ್ಕೆ ತಾಗಿದ ಅಲೆಗಳು ಮರಳಿ ನೆಲಕ್ಕೆ ಬರುತ್ತವೆ. ಹೀಗಾಗಿ ದುಡಿಮೆ ಮುಗಿಸಿ ಬಂದ ಹೊತ್ತೂ ಧಾರವಾಡವು ಕೇಳಿಬರುವ ಹೊತ್ತೂ ಒಂದೇ ಆದದ್ದು ನಮ್ಮವರ ಭಾಗ್ಯ. ಡಯಲಿನ ಮುಳ್ಳನ್ನು ೭೬೫ ಕಿಲೋಹರ್ಟ್ಸಿನ ಬಳಿ ಕೂದಲೆಳೆಯಷ್ಟು ಆಚೀಚೆ ಸರಿಸುತ್ತ ಅವರು ಆ ದನಿಯನ್ನು ಹುಡುಕುತ್ತಿದ್ದರು. ಪೆಟ್ಟಿಗೆಯೊಳಗೆ ಉದ್ದಕ್ಕೆ ಮಲಗಿರುವ ಕಪ್ಪು ಫೆರೈಟ್ ಸಲಾಕೆಯು ತನಗೆ ಅಡ್ಡಲಾಗಿ ಬರುವ ಅಲೆಯನ್ನು ಚೆನ್ನಾಗಿ ಹಿಡಿಯುತ್ತದೆ. ಆದುದರಿಂದ ರೇಡಿಯೋದ ಮೋರೆಯನ್ನು ದಕ್ಷಿಣಕ್ಕೆ, ತುಸು ಪೂರ್ವಕ್ಕೆ ವಾಲಿಸಿ ಇಟ್ಟರೆ ಧಾರವಾಡವು ಸ್ಪಷ್ಟವಾಗುತ್ತದೆ. ಈ ಶಾಸ್ತ್ರವನ್ನು ಓದದವರೂ ಪೆಟ್ಟಿಗೆಯನ್ನು ಅತ್ತಿತ್ತ ತಿರುಗಿಸಿ, ಊರಿನ ದಿಕ್ಕನ್ನು ತಾವೇ ಕಂಡುಕೊಂಡರು.

ಆ ನಿಲಯದಲ್ಲಿ ಸಾಹಿತ್ಯ ಸಲಹೆಗಾರರಾಗಿದ್ದವರು ದ. ರಾ. ಬೇಂದ್ರೆಯವರು, ಸಂಗೀತ ಸಲಹೆಗಾರರಾಗಿದ್ದವರು ಮಲ್ಲಿಕಾರ್ಜುನ ಮನ್ಸೂರರು. ಅಂಥವರ ಆರೈಕೆಯಲ್ಲಿ ಬೆಳೆದ ಮಾತು-ಹಾಡುಗಳು ಚಾಳಿನ ಕೋಣೆಗೆ ಬಂದು ಸೇರಿದುವೆಂಬುದು ಸಾಮಾನ್ಯ ಸಂಗತಿಯಲ್ಲ. ೧೯೭೬ರಲ್ಲಿ ಮಂಗಳೂರಿನ ನಿಲಯವೂ ಆದ ಬಳಿಕ ಕರಾವಳಿಯವರಿಗೆ ತಮ್ಮದೇ ನಿಲಯವೊಂದು ದೊರೆತಂತಾಯಿತು.

ಈಗ ಆ ಪೆಟ್ಟಿಗೆಗಳು ಹಲವು ಮನೆಗಳ ಅಟ್ಟದ ಮೇಲೆ ಮೂಕವಾಗಿ ಕುಳಿತಿವೆ. ಕೆಟ್ಟುಹೋಗಿದೆಯೆಂದು ಗುಜರಿಗೆ ಹಾಕುವ ಮುನ್ನ ಸ್ವಲ್ಪ ವಿಚಾರಿಸಬೇಕು. ಅವುಗಳ ರೋಗಗಳು ಬಹುಮಟ್ಟಿಗೆ ಕೆಲವೇ. ಮೊದಲನೆಯದು, ಒಳಗೇ ಮರೆತುಬಿಟ್ಟ ಸೆಲ್ಲು ಸೋರಿ ತಗಡಿನ ಪಟ್ಟಿಗಳನ್ನು ತಿಂದಿರುವುದು. ವಿನಿಗರಿನಲ್ಲಿ ಅದ್ದಿದ ಅರಿವೆಯಿಂದ ಒರೆಸಿ, ನೀರಿನ ಪಸೆ ತೆಗೆದು ಒಣಗಿಸಿದರೆ ಅರ್ಧ ಕೆಲಸವಾಯಿತು. ಎರಡನೆಯದು, ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಒಣಗಿರುವುದು. ದನಿ ಕುಗ್ಗುವುದಕ್ಕೂ, ದೋಣಿಯ ಇಂಜಿನ್ನಿನಂತೆ 'ಪಟಪಟ' ಎನ್ನುವುದಕ್ಕೂ ಇದೇ ಕಾರಣ. ಬದಲಿಸುವುದು ಸುಲಭ, ಖರ್ಚೂ ಅಲ್ಪ. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ದೊರೆಯುತ್ತವೆ. ಆದರೆ ಜರ್ಮೇನಿಯಂ ಕಾಲದ ಅನೇಕ ಸೆಟ್ಟುಗಳಲ್ಲಿ ಬ್ಯಾಟರಿಯ ಧನ ತುದಿಯೇ ಒಡಲಿಗೆ ಸೇರಿರುತ್ತದೆ. ಇದನ್ನರಿಯದೆ ಕೆಪಾಸಿಟರನ್ನು ತಲೆಕೆಳಗು ಬೆಸೆದರೆ ಕೆಡುತ್ತದೆ. ಮೂರನೆಯದು ವಿಚಿತ್ರವಾದ ರೋಗ. ಎ. ಎಫ್. ೧೧೭ ಮೊದಲಾದ ಟ್ರಾನ್ಸಿಸ್ಟರುಗಳ ಡಬ್ಬಿಯೊಳಗೆ ವರ್ಷಗಳು ಕಳೆದಂತೆ ತವರದ ಸೂಕ್ಷ್ಮ ಎಳೆಗಳು ಮೀಸೆಯಂತೆ ಬೆಳೆದು, ಒಳಗಿನ ತಂತಿಯನ್ನು ಡಬ್ಬಿಗೆ ತಾಗಿಸಿಬಿಡುತ್ತವೆ. ಡಬ್ಬಿಯನ್ನು ಒಡಲಿಗೆ ಸೇರಿಸುವ ನಾಲ್ಕನೆಯ ತಂತಿಯನ್ನು ಕತ್ತರಿಸಿದರೆ ಎಷ್ಟೋ ಸಲ ಸೆಟ್ಟು ಮತ್ತೆ ನುಡಿಯುತ್ತದೆ. ಸುರುಳಿಗಳ ಮೇಲಿರುವ ಸಣ್ಣ ತಿರುಪುಗಳನ್ನು ಮಾತ್ರ ಮುಟ್ಟಬಾರದು. ಅವು ಕಾರ್ಖಾನೆಯಲ್ಲಿ ಶ್ರುತಿಗೂಡಿಸಿದಂಥವು. ಒಮ್ಮೆ ಕದಲಿದರೆ ಉಪಕರಣವಿಲ್ಲದೆ ಮರಳಿ ಕೂಡಿಸುವುದು ಕಷ್ಟ.

"ಕೈಫೋನಿನಲ್ಲಿಯೇ ಆಕಾಶವಾಣಿ ಕೇಳುತ್ತಿರುವಾಗ ಈ ಉಪದ್ವ್ಯಾಪವೇಕೆ?" ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ, ಕೈಫೋನಿನಲ್ಲಿ ದನಿಯೂ ನಿರ್ಮಲವಾಗಿರುತ್ತದೆ. ಆದರೆ ಅದು ಒಬ್ಬನ ಕಿವಿಯ ಕನ್ನಡ; ರೇಡಿಯೋದ್ದು ಮನೆಯ ಕನ್ನಡ. ಅಡಿಗೆಮನೆಯಲ್ಲಿರುವ ತಾಯಿಯೂ, ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಪಾಠ ಬರೆಯುತ್ತಿರುವ ಮಗುವೂ, ತಾವು ಆರಿಸಿಕೊಳ್ಳದೆಯೇ ಅದನ್ನು ಕೇಳುತ್ತಾರೆ. ನಮ್ಮ ಮಕ್ಕಳಲ್ಲಿ ಕನ್ನಡ ಲಿಪಿಯನ್ನು ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಲಿಪಿ ತಪ್ಪಿದ ಮೇಲೂ ಭಾಷೆ ಉಳಿಯಬೇಕಾದರೆ ಅದು ಕಿವಿಯಲ್ಲಿ ಉಳಿಯಬೇಕು.

ಇನ್ನೊಂದು ಮಾತನ್ನೂ ಹೇಳಬೇಕು. ಇತ್ತೀಚಿನ ವರ್ಷಗಳಲ್ಲಿ ದೇಶದ ಹಲವೆಡೆ ಮಧ್ಯತರಂಗ, ಹ್ರಸ್ವತರಂಗಗಳ ಪ್ರಸಾರಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸಲಾಗುತ್ತಿದೆ. ಹಳೆಯ ಟ್ರಾನ್ಸಿಸ್ಟರಿಗೆ ತಿಳಿಯುವುದು ಆ ಅಲೆಗಳು ಮಾತ್ರ. ಆಕಾಶದಲ್ಲಿ ದನಿಯೇ ಇಲ್ಲವಾದ ಮೇಲೆ ಎಷ್ಟು ಚೆನ್ನಾಗಿ ರಿಪೇರಿ ಮಾಡಿದ ಸೆಟ್ಟೂ ಬರಿಯ ಗೊಂಬೆ. ಬೆಸುಗೆ ಬಲ್ಲ ಹಿರಿಯ ಕುಶಲಿಗಳ ಕೈಗಳೂ ಕಡಿಮೆಯಾಗುತ್ತಿವೆ.

ಆದುದರಿಂದ ನಮ್ಮ ಸಂಘಗಳು ವರ್ಷಕ್ಕೊಮ್ಮೆಯಾದರೂ ಒಂದು ಭಾನುವಾರವನ್ನು ಈ ಕೆಲಸಕ್ಕೆ ಮೀಸಲಿಡಲಿ. ಅಟ್ಟದ ಪೆಟ್ಟಿಗೆಗಳು ಕೆಳಗಿಳಿಯಲಿ. ಬಲ್ಲ ಹಿರಿಯರು ಬಿಚ್ಚಿ ತೋರಿಸಲಿ. ಹುಡುಗ ಹುಡುಗಿಯರು ಬೆಸುಗೆ ಹಾಕಲಿ. ಆ ರಾತ್ರಿಯೇ ಟ್ಯೂಬ್‌ಲೈಟನ್ನೂ ಫೋನಿನ ಚಾರ್ಜರನ್ನೂ ಆರಿಸಿ—ಅವು ಗೊರಗೊರ ಸದ್ದನ್ನು ತುಂಬುತ್ತವೆ—ಕಿಟಕಿಯ ಬಳಿ ರೇಡಿಯೋವನ್ನಿಟ್ಟು, ಮುಳ್ಳನ್ನು ಮಕ್ಕಳ ಕೈಗೇ ಕೊಡಿರಿ. ಗೊರಗೊರದ ನಡುವಿನಿಂದ ಒಂದು ಕನ್ನಡದ ಮಾತನ್ನು ತಾವೇ ಹುಡುಕಿ ಹಿಡಿದ ಮಕ್ಕಳಿಗೆ, ಈ ಭಾಷೆ ನಮ್ಮದೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ.