ಟ್ರೂಮನ್ ಮತ್ತು 38ನೇ ಅಕ್ಷಾಂಶ

ಕೊರಿಯಾವನ್ನು ಇಬ್ಭಾಗ ಮಾಡಿದ 38ನೇ ಅಕ್ಷಾಂಶದ ಗೆರೆಯನ್ನು 1945ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ನಿನ ಇಬ್ಬರು ಸೇನಾಧಿಕಾರಿಗಳು ಭೂಪಟವೊಂದನ್ನು ಮುಂದಿಟ್ಟುಕೊಂಡು ಅವಸರದಲ್ಲಿ ಆರಿಸಿದ್ದರು. ಜಪಾನಿ ಪಡೆಗಳ ಶರಣಾಗತಿಯನ್ನು ಉತ್ತರದಲ್ಲಿ ಸೋವಿಯತ್ ಸೇನೆ, ದಕ್ಷಿಣದಲ್ಲಿ ಅಮೆರಿಕ ಪಡೆಯಬೇಕೆಂಬುದಷ್ಟೇ ಅದರ ಉದ್ದೇಶ. ಐದೇ ವರ್ಷಗಳಲ್ಲಿ ಅದು ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಆಡಳಿತಕ್ಕೆ ಅತಿ ಕಠಿಣ ಪರೀಕ್ಷೆಯನ್ನು ತಂದಿಟ್ಟಿತು.

1950ರ ಜೂನ್ 25ರಂದು ಉತ್ತರ ಕೊರಿಯಾದ ಸೇನೆ ದಕ್ಷಿಣಕ್ಕೆ ನುಗ್ಗಿತು. ಚೀನಾದ ಸ್ಥಾನದ ವಿವಾದದಿಂದ ಸೋವಿಯತ್ ಪ್ರತಿನಿಧಿ ಭದ್ರತಾ ಮಂಡಳಿಯಿಂದ ಹೊರಗುಳಿದಿದ್ದರಿಂದ ವೀಟೋದ ಅಡ್ಡಿ ಇರಲಿಲ್ಲ. ವಿಶ್ವಸಂಸ್ಥೆಯ ಹೆಸರಿನಲ್ಲಿ ಟ್ರೂಮನ್ ಸೇನೆ ಕಳಿಸಿದರು. ಆದರೆ ಯುದ್ಧ ಘೋಷಣೆಗೆ ಕಾಂಗ್ರೆಸ್ಸಿನ ಒಪ್ಪಿಗೆ ಕೇಳಲಿಲ್ಲ. ಮುಂದಿನ ಅಧ್ಯಕ್ಷರಿಗೂ ಇದೇ ಮೇಲ್ಪಂಕ್ತಿಯಾಯಿತು.

ಸೆಪ್ಟೆಂಬರ್ 15ರಂದು ಜನರಲ್ ಡಗ್ಲಸ್ ಮ್ಯಾಕ್‌ಆರ್ಥರ್ ಇಂಚಾನ್‌ನಲ್ಲಿ ಸೇನೆ ಇಳಿಸಿ ಯುದ್ಧದ ದಿಕ್ಕನ್ನೇ ಬದಲಿಸಿದರು. ಅಲ್ಲಿಗೆ ಆಕ್ರಮಣವನ್ನು ಹಿಮ್ಮೆಟ್ಟಿಸುವ ಮೂಲ ಗುರಿ ಬಹುಮಟ್ಟಿಗೆ ಈಡೇರಿತ್ತು. ಗೆರೆ ದಾಟಿ ಉತ್ತರಕ್ಕೆ ಹೋಗಲು ಅನುಮತಿ ಕೊಟ್ಟದ್ದು ಟ್ರೂಮನ್ ಅವರ ಅತಿ ದೊಡ್ಡ ತಪ್ಪು. ಅದಕ್ಕೆ ಮುನ್ಸೂಚನೆ ಇರಲಿಲ್ಲವೆನ್ನುವಂತಿಲ್ಲ. ಅಕ್ಟೋಬರ್ ಮೊದಲ ವಾರದಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ನಡುರಾತ್ರಿ ಕರೆಸಿ, ಅಮೆರಿಕನ್ನರು ಗೆರೆ ದಾಟಿದರೆ ಚೀನಾ ಸುಮ್ಮನಿರದು ಎಂದಿದ್ದರು. ಸಂದೇಶ ವಾಷಿಂಗ್ಟನ್ ತಲುಪಿತು. ಪಣಿಕ್ಕರ್ ಅವರನ್ನು ಚೀನಾದ ಪರ ಎಂದು ಬಗೆದಿದ್ದ ಅಲ್ಲಿನವರು ಅದನ್ನು ಬರೀ ಬೆದರಿಕೆಯೆಂದು ತಳ್ಳಿಹಾಕಿದರು. ಹೇಳಿದವರ ಮೇಲಿನ ಅನುಮಾನದಿಂದ ಹೇಳಿದ ಮಾತನ್ನೇ ಕಡೆಗಣಿಸಿದ ಈ ನಡೆಗೆ ಸಾವಿರಾರು ಸೈನಿಕರು ಪ್ರಾಣ ತೆತ್ತರು. ನವೆಂಬರ್ ಕೊನೆಗೆ ಚೀನೀ ಪಡೆಗಳ ಭಾರೀ ದಾಳಿಗೆ ವಿಶ್ವಸಂಸ್ಥೆಯ ಸೇನೆ ಹಿಮ್ಮೆಟ್ಟಿತು; 1951ರ ಜನವರಿಯಲ್ಲಿ ದಕ್ಷಿಣದ ರಾಜಧಾನಿ ಸೋಲ್ ಮತ್ತೆ ಕೈತಪ್ಪಿತು.

ಟ್ರೂಮನ್ ಅವರ ಎರಡನೆಯ ನಿರ್ಧಾರಕ್ಕೆ ಹೆಚ್ಚಿನ ಎದೆಗಾರಿಕೆ ಬೇಕಿತ್ತು. ಮ್ಯಾಕ್‌ಆರ್ಥರ್ ಯುದ್ಧವನ್ನು ಚೀನಾದ ನೆಲಕ್ಕೆ ವಿಸ್ತರಿಸಬೇಕೆಂದು ಪಟ್ಟು ಹಿಡಿದಿದ್ದರು. ಅಧ್ಯಕ್ಷರ ನೀತಿಯನ್ನು ಟೀಕಿಸಿ ಅವರು ಬರೆದ ಪತ್ರವನ್ನು ವಿರೋಧ ಪಕ್ಷದ ನಾಯಕ ಏಪ್ರಿಲ್ 5ರಂದು ಪ್ರತಿನಿಧಿ ಸಭೆಯಲ್ಲೇ ಓದಿದರು. 11ರಂದು ಟ್ರೂಮನ್ ಮ್ಯಾಕ್‌ಆರ್ಥರ್ ಅವರನ್ನು ವಜಾ ಮಾಡಿದರು. ಮರಳಿದ ಸೇನಾನಿಗೆ ಊರೂರಲ್ಲಿ ಮೆರವಣಿಗೆ. ಅಧ್ಯಕ್ಷರ ಜನಪ್ರಿಯತೆ ಪಾತಾಳಕ್ಕಿಳಿಯಿತು. ಆದರೂ ಯುದ್ಧ ಕೊರಿಯಾದ ಗಡಿಯೊಳಗೇ ಉಳಿಯಿತು. ಸೇನೆ ಚುನಾಯಿತ ಸರ್ಕಾರದ ಅಧೀನವೆಂಬ ತತ್ವವೂ ಉಳಿಯಿತು.

1951ರ ಜುಲೈನಲ್ಲಿ ಶುರುವಾದ ಸಂಧಾನ ಯುದ್ಧಕೈದಿಗಳ ಪ್ರಶ್ನೆಗೆ ಸಿಕ್ಕಿಕೊಂಡಿತು. ಮನಸ್ಸಿಲ್ಲದ ಕೈದಿಗಳನ್ನು ಬಲವಂತವಾಗಿ ತಾಯ್ನಾಡಿಗೆ ಕಳಿಸಲು ಟ್ರೂಮನ್ ಒಪ್ಪಲಿಲ್ಲ. ಕದನವಿರಾಮ ಬಂದದ್ದು ಮುಂದಿನ ಅಧ್ಯಕ್ಷ ಐಸೆನ್‌ಹೋವರ್ ಕಾಲದಲ್ಲಿ, 1953ರ ಜುಲೈ 27ರಂದು. ಮರಳಲು ನಿರಾಕರಿಸಿದ 22,000ಕ್ಕೂ ಹೆಚ್ಚು ಕೈದಿಗಳ ಹೊಣೆ ತಟಸ್ಥ ರಾಷ್ಟ್ರಗಳ ಆಯೋಗದ ಪಾಲಿಗೆ ಬಂತು. ಅದರ ಅಧ್ಯಕ್ಷತೆ ವಹಿಸಿದವರು ಭಾರತದ ಸೇನಾಧಿಕಾರಿ, ಕೊಡಗಿನ ಕೆ.ಎಸ್. ತಿಮ್ಮಯ್ಯ. ಆ ಕೈದಿಗಳಲ್ಲಿ ಬಹುಪಾಲು ಜನ 1954ರ ಆರಂಭದಲ್ಲಿ ದಕ್ಷಿಣ ಕೊರಿಯಾ ಅಥವಾ ತೈವಾನಿನ ದಾರಿ ಹಿಡಿದರು.