ಲೋಹ ನ್ಯಾನೊಗುಚ್ಛಗಳಲ್ಲಿ ಲಿಗ್ಯಾಂಡ್ ವಿನಿಮಯ

ಕೆಲವೇ ಪರಮಾಣುಗಳಿಂದ ಹಿಡಿದು ಕೆಲವು ನೂರು ಪರಮಾಣುಗಳವರೆಗೆ ಲೆಕ್ಕವಿಟ್ಟಂತೆ ಕೂಡಿದ, 3 ನ್ಯಾನೊಮೀಟರ್‌ಗೂ ಕಿರಿದಾದ ಲೋಹಕಣಗಳೇ ನ್ಯಾನೊಗುಚ್ಛಗಳು. ರಕ್ಷಣೆಯಿಲ್ಲದೆ ದ್ರಾವಣದಲ್ಲಿ ಬಿಟ್ಟರೆ ಇವು ಒಂದಕ್ಕೊಂದು ಅಂಟಿಕೊಂಡು ದೊಡ್ಡ ಕಣಗಳಾಗುತ್ತವೆ. ಹಾಗಾಗದಂತೆ ತಡೆಯುವುದು ಲೋಹಕ್ಕೆ ಬಂಧಿಸಿಕೊಂಡ ಥಯೋಲೇಟ್, ಫಾಸ್ಫೀನ್ ಮುಂತಾದ ಲಿಗ್ಯಾಂಡ್‌ಗಳು. ಇವುಗಳ ಜಾಗದಲ್ಲಿ ಬೇರೆ ಲಿಗ್ಯಾಂಡ್‌ಗಳು ಬಂದು ಕೂರುವ ಕ್ರಿಯೆಯೇ ಲಿಗ್ಯಾಂಡ್ ವಿನಿಮಯ.

1990ರ ದಶಕದಲ್ಲಿ ಅಮೆರಿಕದ ರಾಯ್ಸ್ ಮರ್ರಿ ಮತ್ತು ಸಂಗಡಿಗರು ಈ ಕ್ರಿಯೆಯನ್ನು ಚಿನ್ನದ ಕಣಗಳ ಮೇಲ್ಮೈಗೆ ಹೊಸ ರಾಸಾಯನಿಕ ಗುಂಪುಗಳನ್ನು ಸೇರಿಸಲು ಬಳಸಿದರು. ಹೊದಿಕೆ ಬದಲಾದರೂ ತಿರುಳು ಹಾಗೆಯೇ ಉಳಿಯುತ್ತದೆಂಬ ಆಗಿನ ಎಣಿಕೆ ಅರ್ಧ ಮಾತ್ರ ನಿಜ. 2008ರಲ್ಲಿ ಬೆಳಕಿಗೆ ಬಂದ 25 ಚಿನ್ನದ ಪರಮಾಣುಗಳ ಗುಚ್ಛದ ಸ್ಫಟಿಕ ರಚನೆ ಇದಕ್ಕೆ ಕಾರಣವನ್ನು ತೋರಿಸಿತು. ಅದರ ತಿರುಳಿನಲ್ಲಿರುವುದು 13 ಪರಮಾಣುಗಳು ಮಾತ್ರ. ಉಳಿದ 12 ಪರಮಾಣುಗಳು 18 ಥಯೋಲೇಟ್‌ಗಳೊಡನೆ ಹೆಣೆದುಕೊಂಡು, ಸ್ಟೇಪ್ಲರ್ ಪಿನ್ನುಗಳಂತೆ ಆರು ಕೊಂಡಿಗಳಾಗಿ ತಿರುಳನ್ನು ಕಚ್ಚಿಕೊಂಡಿವೆ. ಲಿಗ್ಯಾಂಡ್ ಇಲ್ಲಿ ಮೇಲಿನ ಬಣ್ಣವಲ್ಲ, ಕಟ್ಟಡದ ಭಾಗವೇ.

ಇದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರೊಂಗ್ಚಾವ್ ಜಿನ್ ತಂಡ 2013ರಲ್ಲಿ ವಿವರಿಸಿದ ರೂಪಾಂತರ. 38 ಚಿನ್ನದ ಪರಮಾಣು ಮತ್ತು 24 ಫಿನೈಲ್‌ಈಥೇನ್‌ಥಯೋಲೇಟ್‌ಗಳಿರುವ ಗುಚ್ಛವನ್ನು ಹೆಚ್ಚುವರಿ ಟರ್ಷಿಯರಿ-ಬ್ಯುಟೈಲ್‌ಬೆಂಜೀನ್‌ಥಯೋಲ್ ಜೊತೆ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಲಾಯಿತು. ಹಳೆಯ ಲಿಗ್ಯಾಂಡಿನಲ್ಲಿ ಗಂಧಕಕ್ಕೂ ಬೆಂಜೀನ್ ಉಂಗುರಕ್ಕೂ ನಡುವೆ ಎರಡು ಕಾರ್ಬನ್‌ಗಳಿದ್ದು, ಅದು ಬಾಗಬಲ್ಲದು. ಹೊಸದರಲ್ಲಿ ಉಂಗುರ ನೇರವಾಗಿ ಗಂಧಕಕ್ಕೇ ಅಂಟಿದೆ. ಅದು ಬಿರುಸು, ತುದಿಯಲ್ಲಿ ದಪ್ಪ. ಮೊದಲಿಗೆ ಲಿಗ್ಯಾಂಡ್‌ಗಳಷ್ಟೇ ಬದಲಾಗುತ್ತವೆ. ಹೊಸಬರ ಸಂಖ್ಯೆ ಏರಿದಂತೆ ಇಕ್ಕಟ್ಟು ಹೆಚ್ಚಿ ತಿರುಳು ವಿರೂಪಗೊಳ್ಳುತ್ತದೆ. ಆಮೇಲೆ ಒಂದು ಗುಚ್ಛ ಎರಡು ಚಿನ್ನದ ಪರಮಾಣುಗಳನ್ನು ಬಿಟ್ಟು 36ಕ್ಕೆ ಇಳಿಯುತ್ತದೆ, ಇನ್ನೊಂದು ಅವನ್ನು ಹಿಡಿದುಕೊಂಡು 40ಕ್ಕೆ ಏರುತ್ತದೆ. ಕೊನೆಗೆ 40ರದೂ 36ಕ್ಕೇ ಬಂದು ನಿಲ್ಲುತ್ತದೆ. ಈ ಹಂತಗಳನ್ನು ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ ಒಂದೊಂದಾಗಿ ಗುರುತಿಸಲಾಯಿತು.

ಥಯೋಲೇಟ್‌ಗಳ ಸಂಖ್ಯೆ 24 ಆಗಿಯೇ ಉಳಿದರೂ ಒಳಗಿನದೆಲ್ಲ ಬೇರೆ. ಎರಡು ವಿಂಶತಿಫಲಕಗಳು ಒಂದು ಮುಖವನ್ನು ಹಂಚಿಕೊಂಡಿದ್ದ 23 ಪರಮಾಣುಗಳ ತಿರುಳಿನ ಬದಲು, ಸಾಮಾನ್ಯ ಚಿನ್ನದಲ್ಲಿರುವ ಫಲಕಕೇಂದ್ರಿತ ಘನ ಜೋಡಣೆಯ 28 ಪರಮಾಣುಗಳ ತಿರುಳು ಮೂಡುತ್ತದೆ. ಎಲೆಕ್ಟ್ರಾನ್ ಶಕ್ತಿಮಟ್ಟಗಳ ನಡುವಿನ ಅಂತರ ಸುಮಾರು 0.9 ಎಲೆಕ್ಟ್ರಾನ್‌ವೋಲ್ಟ್‌ನಿಂದ 1.7ಕ್ಕೆ ಏರುವುದರಿಂದ, ಗುಚ್ಛ ಹೀರುವ ಬೆಳಕೂ ಬದಲಾಗುತ್ತದೆ. ಇದೇ ಥಯೋಲ್‌ನಿಂದ 25 ಪರಮಾಣುಗಳ ಗುಚ್ಛ 28ರದಾಗುತ್ತದೆ.

ಪ್ರತಿ ವಿನಿಮಯವೂ ಇಷ್ಟು ದೂರ ಹೋಗುವುದಿಲ್ಲ. ಹೊಸ ಲಿಗ್ಯಾಂಡಿನ ಗಾತ್ರ ಹಳೆಯದಕ್ಕೆ ಹತ್ತಿರವಿದ್ದರೆ, ಉಷ್ಣತೆಯೂ ಕಡಿಮೆಯಿದ್ದರೆ ತಿರುಳು ಉಳಿದುಕೊಂಡು ಕರಗುವಿಕೆ, ಪ್ರತಿದೀಪ್ತಿ ಇಲ್ಲವೆ ಕೈರಲ್ ಗುಣ ಮಾತ್ರ ಬದಲಾಗಬಹುದು.

ಬೆಳ್ಳಿಯ ಗುಚ್ಛಗಳಲ್ಲೂ ವಿನಿಮಯ ನಡೆಯುತ್ತದೆ. 25 ಚಿನ್ನದ ಪರಮಾಣುಗಳ ಗುಚ್ಛ ಮತ್ತು 44 ಬೆಳ್ಳಿ ಪರಮಾಣುಗಳ ಗುಚ್ಛವನ್ನು ದ್ರಾವಣದಲ್ಲಿ ಬೆರೆಸಿದರೆ ಅವು ಲಿಗ್ಯಾಂಡ್‌ಗಳನ್ನಷ್ಟೇ ಅಲ್ಲದೆ ಲೋಹ ಪರಮಾಣುಗಳನ್ನೂ ಪರಸ್ಪರ ಬದಲಾಯಿಸಿಕೊಳ್ಳುತ್ತವೆ ಎಂದು ಮದ್ರಾಸ್ ಐಐಟಿಯ ಟಿ. ಪ್ರದೀಪ್ ಅವರ ತಂಡ 2016ರಲ್ಲಿ ತೋರಿಸಿತು.